ಹವಾಲ್ದಾರರ ಸಣ್ಣ ಬೋರು

ಸಿಟ್ಟು ಬಂದರೆ ಎಲ್ಲರ ದನಿ ಏರುತ್ತದೆ; ಹವಾಲ್ದಾರ ಸಿದ್ರಾಮಪ್ಪನವರದು ಇಳಿಯುತ್ತಿತ್ತು. ತೀರಾ ಸಿಟ್ಟಾದರಂತೂ ಹತ್ತಿರ ಬಗ್ಗಿ ಕೇಳಬೇಕು. “ಸಿಟ್ಟು ಜ್ವಾಳ ಇದ್ದಂಗ್ರಿ ಮಾಸ್ತರ, ನೆಲದಾಗಿನ ಹಗೇವಿನ್ಯಾಗ ಹಾಕಿ ಮುಚ್ಚಿದ್ರ ವರ್ಸಗಟ್ಲೆ ಕೆಡೂದಿಲ್ಲ” ಎನ್ನುತ್ತಿದ್ದರು. ಆ ಹಗೇವು ತುಂಬಿದವರಲ್ಲಿ ನಾನೂ ಒಬ್ಬ.

ಎಪ್ಪತ್ತರ ದಶಕದ ಮಾತು. ಇಂಡಿ ತಾಲ್ಲೂಕಿನ ಒಂದು ಹಳ್ಳಿಗೆ ನಾನು ಮಾಸ್ತರನಾಗಿ ಹೋಗಿದ್ದೆ. ಹವಾಲ್ದಾರರು ಮಿಲಿಟರಿ ಮುಗಿಸಿ ಬಂದು ಹೊಲ ಮಾಡಿಕೊಂಡಿದ್ದರು. ಸುಗ್ಗಿ ಮುಗಿದ ಮೇಲೆ ಬಂದೂಕಿನ ಲೈಸೆನ್ಸ್ ಇದ್ದವರೆಲ್ಲ ಅಲ್ಲಿ ಗುರಿ ಹೊಡೆಯುವ ಪಂದ್ಯ ನಡೆಸುತ್ತಿದ್ದರು; ಸಿಂದಗಿ, ಮುದ್ದೇಬಿಹಾಳದ ಕಡೆಯವರೂ ಬರುತ್ತಿದ್ದರು. ದೂರ ನೂರೈವತ್ತು ಗಜ, ರೈಫಲ್ ಯಾವುದಾದರೂ ಸರಿ, ಹಲಗೆಗೆ ಹಚ್ಚಿದ ಕಾಗದಕ್ಕೆ ಹತ್ತು ಗುಂಡು, ಗೆದ್ದವರಿಗೆ ಒಂದು ಬೆಳ್ಳಿಯ ಕಪ್ಪು. ಕಾಗದ ಕಿತ್ತು ತರುವವನು ಊರ ಗೌಡರ ಆಳು. ಅದರ ಮೇಲೆ ಹೆಸರು ಬರೆಯುವವನು ನಾನು.

ಆ ವರ್ಷ ಹವಾಲ್ದಾರರದೂ ಗೌಡರದೂ ಒಂದೇ ಬೋರು, ಅಂದರೆ ನಳಿಗೆಯ ತೂತಿನ ಅಳತೆ ಒಂದೇ, ತ್ರೀ-ಫಿಫ್ಟೀನ್. ತೂತು ನೋಡಿ ಯಾರದೆಂದು ಹೇಳುವ ಹಾಗಿರಲಿಲ್ಲ. ಆಳು ಬದುವಿನ ಮರೆಗೆ ಬಗ್ಗಿ ಇಬ್ಬರ ಕಾಗದ ಅದಲುಬದಲು ಮಾಡಿದ್ದನ್ನು ನಾನು ಕಣ್ಣಾರೆ ಕಂಡೆ. ಕಪ್ಪು ಗೌಡರಿಗೆ ಹೋಯಿತು.

“ಆ ಕಾಗದ ನಂದ್ರಿ” ಎಂದರು ಹವಾಲ್ದಾರರು.

ಗೌಡರು ನಕ್ಕರು. “ಮಿಲಿಟ್ರ್ಯಾಗ ಅಡಿಗಿ ಮಾಡ್ತಿದ್ದೇನೋ ಸಿದ್ರಾಮ?”

ಜನ ಹೋ ಎಂದರು. ಹವಾಲ್ದಾರರು ನನ್ನ ಕಡೆ ತಿರುಗಿದರು. “ಮಾಸ್ತರ, ನೀವರ ಹೇಳ್ರಿ.”

ನಾನಿದ್ದದ್ದು ಗೌಡರ ಮನೆಯ ಪಡಸಾಲೆಯ ಕೋಣೆಯಲ್ಲಿ. “ನನ್ನ ಕೈಗೆ ಬಂದದ್ದನ್ನ ಬರದೇನ್ರಿ” ಎಂದೆ. ಥೂ, ನನ್ನ ಬಾಯಿಗಿಷ್ಟು ಮಣ್ಣು ಹಾಕ! ಅವತ್ತಿನಿಂದ ಅವರು ಊರಿಗೆಲ್ಲ ‘ಅಡಿಗಿ ಹವಾಲ್ದಾರ’ ಆದರು. ಗುರಿಕಾರನೆಂಬ ಹೆಸರೊಂದೇ ಅವರ ಆಸ್ತಿಯಾಗಿತ್ತು, ಅದೂ ಹೋಯಿತು.

ತಿಂಗಳೊಳಗೆ ಅವರು ಆ ರೈಫಲ್ ಮಾರಿ ಟೂ-ಟೂ ತಂದರು. ಟೂ-ಟೂ ಎಂದರೆ ತೀರ ಸಣ್ಣ ಬೋರು, ಅದರ ಗುಂಡು ಕಿರುಬೆರಳ ತುದಿಯಷ್ಟೂ ಇಲ್ಲ. ಮಾರಿದ ಅಂಗಡಿಯವನೇ ಬೇಡವೆಂದಿದ್ದನಂತೆ. ನನಗೂ ತಡೆಯಲಾಗಲಿಲ್ಲ.

“ನೂರೈವತ್ತು ಗಜಕ್ಕ ಇದು ಸಾಲೂದಿಲ್ರಿ. ಗಾಳಿಗೆ ಸರೀತದ.”

“ಗಾಳಿ ಕಲೀತೇನ್ರಿ. ಅದಕ್ಕ ಲಂಚ ಕೊಡಾಕ ಬರೂದಿಲ್ಲ” ಎಂದರು, ಬಗ್ಗಿ ಕೇಳಬೇಕಾದ ದನಿಯಲ್ಲಿ.

ವರ್ಷಪೂರ್ತಿ ಕಲಿತರು. ಜೋಳದ ಗರಿ ಎಷ್ಟು ಅಲುಗಿದರೆ ಗುಂಡು ಎಷ್ಟು ಸರಿಯುತ್ತದೆಂದು ನೋಡುವುದು, ಹೊಡೆಯುವುದು, ನಡೆದು ಹೋಗಿ ತೂತು ನೋಡುವುದು. ಜನ ಆಡಿಕೊಂಡು ನಕ್ಕರು. ಪಂದ್ಯದ ದಿನ ನನ್ನ ಬಳಿ ಬಂದು, “ಈ ಸಲಾನೂ ನೀವ ಬರೀಬೇಕ್ರಿ” ಎಂದರು.

ಗೌಡರಿಗೆ ಹೋದ ವರ್ಷದ ರುಚಿ ಹತ್ತಿತ್ತು. ಆಳು ಮತ್ತೆ ಬದುವಿನ ಮರೆಗೆ ಬಗ್ಗಿದ. ಅವನಿಗೇನು ಗೊತ್ತು ಬೋರು ಗೀರು! “ಗೌಡರದು” ಎಂದು ಒಂದು ಕಾಗದ ಕೊಟ್ಟ. ನೋಡುತ್ತೇನೆ, ಹತ್ತೂ ತೂತು ಜೋಳದ ಕಾಳಿನಷ್ಟು. ಗೌಡರ ತ್ರೀ-ಫಿಫ್ಟೀನಿಗೆ ಕಡಲೆಕಾಳಿನಷ್ಟಾದರೂ ಬೀಳಬೇಕಿತ್ತು. ಆಗ ತಿಳಿಯಿತು ಆ ರೈಫಲನ್ನು ಯಾಕೆ ಆರಿಸಿದ್ದರೆಂದು. ಪೆನ್ನು ಕೈಗೆತ್ತಿಕೊಂಡೆ.

“ಬರೀಬ್ಯಾಡ್ರಿ ಮಾಸ್ತರ” ಎಂದರು ಹವಾಲ್ದಾರರು. “ಎತ್ತಿ ಮಂದಿಗಿ ತೋರಸ್ರಿ.”

ಎತ್ತಿ ಹಿಡಿದೆ. ಬಿಸಿಲು ಹತ್ತು ಸಣ್ಣ ತೂತುಗಳಲ್ಲಿ ಇಣುಕಿತು. ಸಿಂದಗಿಯವನೊಬ್ಬ ಕೂಗಿದ: “ಗೌಡ್ರ, ನಿಮ್ಮ ರೈಫಲ್ಲು ಯಾವಾಗ ಮರಿ ಹಾಕ್ತ್ರಿ?” ನಕ್ಕ ನಗೆಗೆ ಹೊಲವೇ ಅದುರಿತು. ಗೌಡರು ರುಮಾಲು ಸರಿಮಾಡಿಕೊಂಡು ಎದ್ದರು. ಹವಾಲ್ದಾರರು ದಾರಿಗೆ ಅಡ್ಡ ನಿಂತರು.

“ಈ ವರ್ಸದ ಕಪ್ಪ ನನಗ ಬ್ಯಾಡ. ಹ್ವಾದ ವರ್ಸದ್ದು ತರಸ್ರಿ.”

ಅದೇ ಆಳು ಗೌಡರ ಪಡಸಾಲೆಯಿಂದ ಆ ಕಪ್ಪನ್ನು ಹೊತ್ತು, ಊರ ನಡುವಿನ ಓಣಿಯಲ್ಲಿ ಹಗಲುಹೊತ್ತಿನಲ್ಲಿ ತರಬೇಕಾಯಿತು.

ನನ್ನ ಕೋಣೆ ಹೋಯಿತು. ಬೇಕಾಗಿತ್ತು ನನಗೆ. ಬಸವನ ಬಾಗೇವಾಡಿಗೆ ವರ್ಗವಾದಾಗ ಹೇಳಿಹೋಗಲು ಅವರ ಮನೆಗೆ ಹೋದೆ. ಚಹಾ ಕೊಟ್ಟರು.

“ತಪ್ಪಾತ್ರಿ ಹವಾಲ್ದಾರ. ಮನಸ್ಸಿನ್ಯಾಗ ಇಟ್ಕೋಬ್ಯಾಡ್ರಿ.”

ದನಿ ಇಳಿಸಿ ಹೇಳಿದರು: “ಗೌಡಗ ಕಪ್ಪಿನ ಆಸೆ ಇತ್ತು, ಕದ್ದ. ಅಂವಂದು ಮುಗೀತು. ನೀವು ಕಂಡೂ ಸುಮ್ನ ಕುಂತ್ರಿ. ನಿಮಗ ಯಾವ ಬೋರು ಸರಿ ಅಂತ ಇನ್ನಾ ನೋಡಾಕತ್ತೇನ್ರಿ.”

ನಗಲಿಲ್ಲ. ಚಹಾ ಆರುತ್ತದೆ, ಕುಡಿಯಿರಿ ಎಂದರು.

ಎರಡು ವರ್ಷಕ್ಕೆ ಅವರು ತೀರಿಕೊಂಡ ಸುದ್ದಿ ಬಾಗೇವಾಡಿಗೆ ಬಂತು. ನನಗೆ ಅಳು ಬರಲಿಲ್ಲ. ಗೌಡರಿಗೆ ಶಿಕ್ಷೆ ಕೊಟ್ಟರು, ನನಗೆ ಏನೂ ಕೊಡದೆ ಹಾಗೇ ಬಿಟ್ಟು ಹೋದರಲ್ಲ ಎಂದು ಹೊಟ್ಟೆ ಉರಿಯಿತು.