ಲಾಭ, ಎರಡ, ಮೂರ, ನಾಕ...

ಇಲ್ಲ... ಇದನ್ನು ಬರೆಯುವಾಗಲೂ ನಂಬಿಕೆ ಬರುತ್ತಿಲ್ಲ.

ಬೆಳಿಗ್ಗೆ ರಾಣೇಬೆನ್ನೂರಿನಿಂದ ಸಲೀಮ ಫೋನ್ ಮಾಡಿದ.
"ಲೇ ಪ್ರಕಾಶಾ... ಬಸ್ಯಾ ಹೋದ್ನಂತ" ಅಂದ.
ಎಲ್ಲಿಗೆ ಹೋದ ಅಂತ ಕೇಳಿದೆ ನಾನು.
ಸಲೀಮ ಬಿಕ್ಕಿದ...
ಆಗ ತಿಳಿಯಿತು.

ನಮ್ಮ ಡ್ರಮ್ಮರ್, ಬ್ಯಾಡಗಿಯ ಬಸವರಾಜ ಇನ್ನಿಲ್ಲ.
ನಸುಕಿನಲ್ಲಿ ಎದೆನೋವು ಅಂದನಂತೆ... ಆಸ್ಪತ್ರೆ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು.
ಸಂಜೆ ಬ್ಯಾಡಗಿಯಲ್ಲೇ ಮಣ್ಣು.
ಹಾವೇರಿ ಬಸ್ ಸ್ಟ್ಯಾಂಡಿನಲ್ಲಿ ಕೂತು ಇದನ್ನು ಟೈಪ್ ಮಾಡುತ್ತಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಿಮ್ಮಲ್ಲಿ ಕೆಲವರಿಗೆ ನಮ್ಮ ಬ್ಯಾಂಡ್ ಗೊತ್ತು... ಮೋಟೆಬೆನ್ನೂರು ಕ್ರಾಸ್.
ಹಾವೇರಿಯ ನಾನು ಗಿಟಾರ್ ಮತ್ತು ಹಾಡು. ಸಲೀಮ ಬೇಸ್. ಬಸು ಡ್ರಮ್ಸ್.
ಮೂರೂ ಊರಿಗೆ ನಡುವೆ ಸಿಗುವುದು ಆ ಕ್ರಾಸ್ ಒಂದೇ. ಅಲ್ಲಿಯ ಚಹಾದಂಗಡಿಯಲ್ಲೇ ಬ್ಯಾಂಡ್ ಹುಟ್ಟಿದ್ದು. ಹೆಸರಿಗಾಗಿ ತಲೆ ಕೆಡಿಸಿಕೊಳ್ಳಲಿಲ್ಲ.

ಬೇರೆಯವರ ಹಾಡಿನ ಕವರ್‌ಗಳೇ ಹೆಚ್ಚು, ನಮ್ಮದೇ ಹಾಡು ಕೆಲವು... ಕರ್ಜಗಿ ಬಸ್ಸು ತಪ್ಪಿಸಿಕೊಂಡವನ ಮೇಲೊಂದು ಹಾಡು, ನೀವೂ ಕೇಳಿದ್ದೀರಿ.

ಸ್ಟುಡಿಯೋ ಅಂದರೆ ಬಸುವಿನ ಮನೆಯ ಮಹಡಿ ಕೋಣೆ.
ತಾನು ದುಡಿಯುತ್ತಿದ್ದ ಮೆಣಸಿನಕಾಯಿ ದಲಾಲಿ ಅಂಗಡಿಯಿಂದ ಖಾಲಿ ಚೀಲ ತಂದು ಗೋಡೆಗೆಲ್ಲ ಬಡಿದಿದ್ದ. ಸೌಂಡ್‌ಪ್ರೂಫ್ ಅಂತೆ.
ಸದ್ದೇನೋ ನಿಂತಿತು... ಸೀನು ನಿಲ್ಲಲಿಲ್ಲ.
ಏನ್ ರಾಕ್ ವಾಯ್ಸ್ ಬ್ರೋ ಅಂತ ಕಮೆಂಟ್ ಹಾಕಿದವರೇ, ಅದು ರಾಕ್ ಅಲ್ಲ, ಬ್ಯಾಡಗಿ ಘಾಟು.

ನಾವು ಟೇಕ್ ತಗೊಳ್ಳುವಾಗ ಅವನ ಹೆಂಡತಿ ಶೈಲಾ ವೈನಿ ಕೆಳಗೆ ಟಿವಿ ಆಫ್ ಮಾಡಿ, ಮಿಕ್ಸರ್ ನಿಲ್ಲಿಸಿ ಕಾಯುತ್ತಿದ್ದರು. ಒಗ್ಗರಣೆ ಹಾಕಲೋ ಬೇಡವೋ ಅಂತ ಮೆಟ್ಟಿಲ ಕೆಳಗಿನಿಂದ ಕೇಳುವರು.
ಒಂದು ಹಳೆಯ ಸಿನಿಮಾ ಹಾಡಿನ ಕವರ್‌ನಲ್ಲಿ, ಗಿಟಾರ್ ಸೋಲೋ ನಡುವೆ, ಅವನ ಅವ್ವ ಸೀನಿದ್ದು ಈಗಲೂ ಹಾಗೇ ಇದೆ. ಬೀಟ್‌ಗೆ ಸರಿಯಾಗಿ ಬಂದಿದೆ, ತೆಗೆಯಬೇಡ ಅಂತ ಬಸುವೇ ಹಟ ಹಿಡಿದಿದ್ದ.

ತನ್ನ ದನಿಯನ್ನು ಮಾತ್ರ ತೆಗೆಸುತ್ತಿದ್ದ...

ಡ್ರಮ್ಮರ್ ಎಣಿಸಿಕೊಟ್ಟರೆ ತಾನೇ ಹಾಡು ಶುರು? ಉಳಿದವರು ಒನ್ ಟೂ ತ್ರೀ ಫೋರ್ ಅಂದರೆ, ಬಸು ಲಾಭ... ಎರಡ... ಮೂರ... ನಾಕ ಅನ್ನುವವನು.
ನಮ್ಮ ಕಡೆ ಪೇಟೆಯಲ್ಲಿ ಚೀಲ ಎಣಿಸುವಾಗ ಒಂದು ಅನ್ನುವುದಿಲ್ಲ, ಲಾಭ ಅಂತಲೇ ಶುರು. ದಿನವಿಡೀ ಹಾಗೆ ಎಣಿಸಿದ ಬಾಯಿ... ಸ್ಟಿಕ್ ಹಿಡಿದರೂ ಬದಲಾಗಲಿಲ್ಲ.
ನನಗೂ ಸಲೀಮನಿಗೂ ಅದೆಂದರೆ ಪ್ರಾಣ. ಅವನಿಗೆ ನಾಚಿಕೆ.
ಅಪ್‌ಲೋಡ್ ಮಾಡುವ ಮುನ್ನ ಪ್ರತಿ ಸಲ ಅದೇ ಮಾತು, "ಅದೊಂದು ಕಟ್ ಮಾಡಪಾ, ಮಂದಿ ನಗತಾರ."
ಕಟ್ ಮಾಡುತ್ತಿದ್ದೆ.
ಹಳೇ ಲ್ಯಾಪ್‌ಟಾಪ್ ಕೆಟ್ಟಾಗ ಮೂಲ ಫೈಲುಗಳೂ ಹೋದವು.

ಬೆಳಿಗ್ಗೆಯಿಂದ ನಮ್ಮ ಹಾಡುಗಳನ್ನೆಲ್ಲ ಹಾಕಿ ಕೇಳಿದೆ. ಎಲ್ಲದರಲ್ಲೂ ಅವನ ಕೈ ಇದೆ... ದನಿ ಎಲ್ಲೂ ಇಲ್ಲ.

ಬಸ್ಯಾ...
ನಿನ್ನ ದನಿ ಬೇಕು ದೋಸ್ತಾ.

ಗಳಗನಾಥದ ಹಾಡು ನೆನಪಿದೆಯಾ? ದಂಡೆಯಲ್ಲಿ ಕೂತು, ಎರಡು ಹೊಳೆ ಕೂಡುವುದನ್ನು ನೋಡುತ್ತ ಮೂವರೂ ಕಟ್ಟಿದ್ದು...
ನನಗೆ ಅಂಗಡಿ, ಸಲೀಮನಿಗೆ ಬಿತ್ತನೆ ಬೀಜದ ಸೀಸನ್. ರೆಕಾರ್ಡಿಂಗ್ ಮುಂದೆ ಮುಂದೆ ಹೋಯಿತು. ಯಾವಾಗ ಕೂಡೂನು ಅಂತ ಗ್ರೂಪಿನಲ್ಲಿ ಕೇಳುತ್ತಿದ್ದವನು ನೀನೊಬ್ಬನೇ.
ಕೊನೆಗೆ ಮೊನ್ನೆ ನೀನು ಒಬ್ಬನೇ ಕೂತು ಡ್ರಮ್ಸ್ ಬಾರಿಸಿ ನನಗೆ ಫೈಲ್ ಕಳಿಸಿದೆ.
ರವಿವಾರ ಮೂವರೂ ಸೇರಿ ಕೇಳುವ ಮಾತಾಗಿತ್ತು, ಹಾಗಾಗಿ ನಾನು ತೆರೆಯದೆ ಇಟ್ಟಿದ್ದೆ.

ಈಗ ಇಲ್ಲೇ, ಇಯರ್‌ಫೋನ್ ಹಾಕಿಕೊಂಡು ತೆರೆದೆ.

"ಲಾಭ... ಎರಡ... ಮೂರ... ನಾಕ..."

ಇದ್ದೀಯ. ನನ್ನ ಕಿವಿಯಲ್ಲೇ ಇದ್ದೀಯ...

ಆಮೇಲೆ ಬರೀ ಡ್ರಮ್ಸ್.
ನಾನು ಹಾಡುವಲ್ಲಿ ಮೆಲ್ಲಗೆ ಬಾರಿಸಿದ್ದೀಯ. ಸಲೀಮನ ಬೇಸ್ ಬರುವಲ್ಲಿ ಜಾಗ ಬಿಟ್ಟಿದ್ದೀಯ. ನಾವಿಲ್ಲದ ಕೋಣೆಯಲ್ಲಿ ಕೂತು, ನಾವಿದ್ದೇವೆ ಅಂತಲೇ ಬಾರಿಸಿದ್ದೀಯ...
ಬ್ಯಾಡಗಿ ಬಸ್ಸು ಬಂದು ಹೋಯಿತು. ಕೇಳುತ್ತ ಕೂತೇ ಇದ್ದೆ.

ಕೊನೆಯ ಪೆಟ್ಟಿನ ಸದ್ದು ಆರಿದ ಮೇಲೆ ಕುರ್ಚಿ ಸರಿಸಿದ್ದು ಕೇಳಿತು... ಒಂದು ಸೀನು... ಆಮೇಲೆ ನೀನು.

"ನಂದು ಮುಗೀತ್ರೆಪಾ. ಇನ್ನ ನಿಮ್ಮದು."

ಮಾಡುತ್ತೇವೆ ಬಸು.
ಸಲೀಮನಿಗೆ ಈಗಷ್ಟೇ ಫೋನಿನಲ್ಲಿ ಕೇಳಿಸಿದೆ. ಇಬ್ಬರೂ ಅತ್ತೆವು. ನಿನ್ನ ಡ್ರಮ್ಸ್ ಮೇಲೇ ಹಾಡುತ್ತೇನೆ, ನೀನು ಬಿಟ್ಟ ಜಾಗದಲ್ಲೇ ಅವನು ನುಡಿಸುತ್ತಾನೆ.
ಲಾಭ ಅಂದಿದ್ದನ್ನು ಈ ಸಲ ಕಟ್ ಮಾಡುವುದಿಲ್ಲ. ಮಂದಿ ನಗಲಿ...

ಶೈಲಾ ವೈನಿಗೆ, ಅವ್ವನಿಗೆ ಆ ದೇವರೇ ಗಟ್ಟಿ ಮನಸ್ಸು ಕೊಡಲಿ.
ಮುಂದಿನ ಬಸ್ಸು ಬಂತು, ಬರುತ್ತಿದ್ದೇನೆ.

ನಿನ್ನ ಜೀವ ತಣ್ಣಗಿರಲಿ ದೋಸ್ತಾ... ಹೋದಲ್ಲೂ ನಿನ್ನ ಎಣಿಕೆ ಲಾಭದಿಂದಲೇ ಶುರುವಾಗಲಿ.