ಗೆರೆಯಣ್ಣನ ತುಂಬುತೋಳಿನ ಅಂಗಿ

ನನ್ನ ಅಳಿಯನಿಗೆ ಲಾಂಡ್ರಿಯಲ್ಲಿ ಗೆರೆಯಣ್ಣ ಎಂದೇ ಹೆಸರು. ಅವನು ಇಸ್ತ್ರಿ ಮಾಡಿದ ಪ್ಯಾಂಟಿನ ಗೆರೆ ಸೊಂಟದಿಂದ ಕಾಲಿನವರೆಗೆ ನೂಲು ಹಿಡಿದಂತೆ ಇಳಿಯುತ್ತಿತ್ತು. ದೊಡ್ಡ ಹೋಟೆಲೊಂದರ ಬಟ್ಟೆಯೆಲ್ಲ ಆ ಲಾಂಡ್ರಿಗೇ ಬರುತ್ತಿತ್ತು. ಹಾಸಿಗೆ ಬಟ್ಟೆಯನ್ನು ಯಾರಾದರೂ ಮಾಡಬಹುದು, ಕೋಟು ಮಾತ್ರ ಗೆರೆಯಣ್ಣನ ಮೇಜಿಗೇ ಹೋಗಬೇಕು.

ಅವನು ಮಾಸಿದ ಅಂಗಿಯನ್ನಾದರೂ ತೊಟ್ಟಾನು, ಮುದುಡಿದ್ದನ್ನು ತೊಡಲಾರ. ತನ್ನ ಅಂಗಿಯನ್ನು ಇನ್ನೊಬ್ಬರ ಕೈಗೆ ಕೊಡಲಂತೂ ಒಲ್ಲ. ಮದುವೆಯಾದ ಹೊಸತರಲ್ಲಿ ನನ್ನ ಮಗಳು ಆಸೆಯಿಂದ ಒಂದು ಅಂಗಿಗೆ ಇಸ್ತ್ರಿ ಹಾಕಿಟ್ಟಿದ್ದಳು. ಅದನ್ನು ನೀರಿನಲ್ಲಿ ಅದ್ದಿ, ಹಿಂಡಿ, ಮೊದಲಿನಿಂದ ತಾನೇ ಮಾಡಿಕೊಂಡ.

"ಅಮ್ಮ, ಇವರು ಕಟ್ಟಿಕೊಂಡಿರೋದು ನನ್ನನ್ನಲ್ಲ, ಇಸ್ತ್ರಿಪೆಟ್ಟಿಗೇನ" ಎಂದು ಅವಳು ನನ್ನ ಹತ್ತಿರ ದೂರು ತಂದಳು. ನಾನು ನಕ್ಕುಬಿಟ್ಟೆ. ಕುಡಿಯುವ ಗಂಡನಿಗಿಂತ ಇಸ್ತ್ರಿ ಮಾಡುವ ಗಂಡ ಎಷ್ಟೋ ವಾಸಿ.

ಆ ಸಂಬಳವನ್ನೇ ನಂಬಿ ಅವರು ಸಾಲ ಮಾಡಿ ಮನೆ ಕೊಂಡರು. ಎರಡು ಕೋಣೆ, ಒಂದು ಅಡುಗೆಮನೆ, ಬಟ್ಟೆ ಒಣಗಿಸುವಷ್ಟು ಹಿತ್ತಲು. ನಾನು ಬಾಡಿಗೆ ಮನೆಯಲ್ಲೇ ಹುಟ್ಟಿ, ಬಾಡಿಗೆ ಮನೆಯಲ್ಲೇ ಗಂಡನನ್ನು ಕಳೆದುಕೊಂಡವಳು. ಅಳಿಯ ತಾನೇ ಬಂದು ನನ್ನ ಪೆಟ್ಟಿಗೆ ಎತ್ತಿಕೊಂಡ. "ಇಲ್ಲಿ ಗೋಡೆಗೆ ಮೊಳೆ ಹೊಡೆಯೋಕೆ ಯಾರನ್ನೂ ಕೇಳಬೇಕಾಗಿಲ್ಲ, ಬನ್ನಿ ಅತ್ತೆ" ಎಂದ.

ಕಾಯಿಲೆ ಸದ್ದಿಲ್ಲದೆ ಬಂತು. ಇಸ್ತ್ರಿಯವರು ಬೆರಳನ್ನು ಒದ್ದೆ ಮಾಡಿಕೊಂಡು ಪೆಟ್ಟಿಗೆಯ ಅಡಿಯನ್ನು ಚುರ್ರೆಂದು ತಟ್ಟಿ ಶಾಖ ನೋಡುತ್ತಾರೆ. ಅವನ ಬೆರಳಿಗೆ ಶಾಖ ತಿಳಿಯುವುದೇ ನಿಂತಿತು. ಊಟಕ್ಕೆ ಕುಳಿತಾಗ ಮಗಳು ಅವನ ಅಂಗೈಯಲ್ಲಿ ಬೊಬ್ಬೆ ಕಂಡು ಗಾಬರಿಯಾದಳು.

"ಇದು ಯಾವಾಗ ಆಯ್ತು?"

"ಗೊತ್ತಿಲ್ಲ ಕಣೆ" ಎಂದ. ನಿಜಕ್ಕೂ ಅವನಿಗೆ ಗೊತ್ತಿರಲಿಲ್ಲ.

ನರದ ಕಾಯಿಲೆ ಎಂದರು ಡಾಕ್ಟರು. ಬಲಗೈ ಸೋತಿತು, ಕಾಲಿಗೂ ಜೋಮು ಇಳಿಯಿತು. ಗುಣವಾಗಬಹುದು, ಆದರೆ ನಿಧಾನವಾಗುತ್ತದೆ, ಅಲ್ಲಿಯವರೆಗೆ ಬಿಸಿ ಕೆಲಸದ ಹತ್ತಿರ ಸುಳಿಯಬಾರದು ಎಂದರು. ಸಂಬಳ ನಿಂತಿತು. ಮಗಳು ಶಾಲೆಯೊಂದರ ಅಡುಗೆಮನೆಯಲ್ಲಿ ದುಡಿದದ್ದು ಹೊಟ್ಟೆಗೂ ಔಷಧಿಗೂ ಸರಿಹೋಗುತ್ತಿತ್ತು. ಮನೆ ಸಾಲದ ಕಂತು ಹಿಂದೆ ಬಿತ್ತು. ಹೀಗೇ ಆದರೆ ಮನೆ ಹರಾಜಿಗೆ ಬರುತ್ತದೆ ಎಂದ ಬ್ಯಾಂಕಿನ ಗುಮಾಸ್ತನೇ ದಾರಿಯನ್ನೂ ತೋರಿಸಿದ. ಕಾಯಿಲೆಯಿಂದ ಕೆಲಸ ನಿಂತವರಿಗೆಂದೇ ನೆರವಿನ ಕಚೇರಿ ಇದೆ. ಗುಣವಾಗುವ ತನಕ ಸಾಲದ ಬಡ್ಡಿಯನ್ನು ಅವರು ಕಟ್ಟುತ್ತಾರೆ, ಅಸಲು ಕಾಯುತ್ತದೆ. ಅದಕ್ಕೆ ಮೊದಲು ಮನೆಗೆ ಬಂದು ನೋಡುತ್ತಾರೆ, ಅಷ್ಟೆ. ಮಗಳು ಹೋಗಿ ಅರ್ಜಿ ಕೊಟ್ಟು ಬಂದಳು.

ಮನೆಗೆ ಯಾರೋ ಬರುತ್ತಾರೆ ಎಂದದ್ದೇ ತಡ, ಗೆರೆಯಣ್ಣನೊಳಗಿನ ಹಳೆಯ ಗೆರೆಯಣ್ಣ ಎದ್ದು ಕುಳಿತ. ಮಗಳ ಕೈಯಲ್ಲಿ ಗಡ್ಡ ಹೆರೆಸಿಕೊಂಡ. ಸುಟ್ಟ ಗಾಯ ಕಾಣದಿರಲೆಂದು ತುಂಬುತೋಳಿನ ಬಿಳಿ ಅಂಗಿ ತೆಗೆಸಿದ. ಅದಕ್ಕೆ ಇಸ್ತ್ರಿ ಹಾಕುವ ಕೆಲಸ ನನ್ನ ಪಾಲಿಗೆ ಬಂತು, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಅವನು ಕುಳಿತ.

"ಕಾಲರ್ ತುದಿಯಿಂದ ನಡುವಿಗೆ ಬನ್ನಿ, ನಡುವಿಂದ ತುದಿಗೆ ಹೋದ್ರೆ ಸುಕ್ಕು ಮೂಲೇಲಿ ಕೂತ್ಕೊಳ್ಳುತ್ತೆ. ಅತ್ತೆ, ನೀರು ಚಿಮುಕಿಸಿ ಅಂದೆ, ಸ್ನಾನ ಮಾಡಿಸಿ ಅನ್ನಲಿಲ್ಲ."

"ನಿಮ್ಮ ಬಾಯಿಗೆ ಕಾಯಿಲೆ ಬಂದಿಲ್ಲ ನೋಡಿ" ಎಂದೆ. ತೋಳಿನ ಪಟ್ಟಿಯನ್ನು ಮೊದಲು ಒಳಮಗ್ಗುಲಿಂದ, ಆಮೇಲೆ ಹೊರಮಗ್ಗುಲಿಂದ ಒತ್ತಿಸಿದ. ನನ್ನ ಸೊಂಟ ಬಿದ್ದುಹೋಯಿತು, ಅಂಗಿ ಮಾತ್ರ ಚೆನ್ನಾಗಿಯೇ ಬಂತು.

ಕಚೇರಿಯ ಹೆಂಗಸು ಬಂದು ಕುಳಿತಳು. ಇವನು ಕಂಬದಂತೆ ನೆಟ್ಟಗೆ ಕುಳಿತಿದ್ದ.

"ಹೇಗಿದ್ದೀರಿ?"

"ಚೆನ್ನಾಗಿದ್ದೀನಿ ಮೇಡಮ್."

ಅವಳು ಅವನನ್ನೇ ನೋಡಿದಳು. "ಅಂಗಿ ತುಂಬ ನೀಟಾಗಿದೆ. ಯಾರು ಇಸ್ತ್ರಿ ಮಾಡಿದ್ದು?"

ನಾನು ಬಾಯಿ ತೆರೆಯುವಷ್ಟರಲ್ಲಿ ಅವನೇ ಹೇಳಿಬಿಟ್ಟ: "ನಾನೇ ಮೇಡಮ್. ನನ್ನ ಬಟ್ಟೆ ಬೇರೆ ಯಾರೂ ಮುಟ್ಟಲ್ಲ."

ನಾನೂ ಮಗಳೂ ಮುಖ ಮುಖ ನೋಡಿಕೊಂಡೆವು. ಬಂದವರ ಎದುರು ಮನೆಯ ಯಜಮಾನನನ್ನು ಸುಳ್ಳುಗಾರ ಮಾಡುವುದು ಹೇಗೆ? ವಾರ ಕಳೆದ ಮೇಲೆ ಸುದ್ದಿ ಬಂತು. ಈತ ತನ್ನ ಕಸುಬು ಮಾಡಲು ಶಕ್ತನಿದ್ದಾನೆ, ನೆರವು ಇಲ್ಲ.

ಮಗಳು ಕೂಗಾಡಲಿಲ್ಲ. ಆ ಅಂಗಿಯನ್ನು ತಂದು ಅವನ ತೊಡೆಯ ಮೇಲಿಟ್ಟಳು. "ಮನೆ ಹೋದ ಮೇಲೆ ಇದನ್ನ ತೊಟ್ಕೊಂಡು ಬೀದೀಲಿ ನಿಂತ್ಕೊಳ್ಳಿ. ಹೋಗೋರು ಬರೋರು ಎಷ್ಟು ಚೆನ್ನಾಗಿದೆ ಅಂತಾರೆ" ಎಂದು ಒಳಗೆ ಹೋದಳು.

ಅವನು ಆ ಅಂಗಿಯನ್ನು ಎಡಗೈಯಲ್ಲಿ ಸವರಿದ. ಆಮೇಲೆ ನನ್ನನ್ನು ಕರೆದ.

"ಅತ್ತೆ, ನನ್ನ ಜೊತೆ ಕಚೇರಿಗೆ ಬರ್ತೀರಾ? ಅರ್ಧ ತೋಳಿನ ಅಂಗಿ ಒಂದು ತೆಗೀರಿ."

"ಇಸ್ತ್ರಿ ಹಾಕಲಾ?"

"ಬೇಡ. ಹೇಗಿದೆಯೋ ಹಾಗೇ ಕೊಡಿ."

ಬಟ್ಟೆಗಂಟಿನ ಅಡಿಯಿಂದ ಎಳೆದ ಅಂಗಿ, ಅಗಿದು ಉಗಿದಂತಿತ್ತು. ಅದನ್ನು ತೊಟ್ಟು ಬೀದಿಗೆ ಇಳಿಯುವಾಗ ಹೊಸ್ತಿಲ ಮೇಲೆ ಒಂದು ಗಳಿಗೆ ನಿಂತ. ನಾನು ಅವಸರ ಮಾಡಲಿಲ್ಲ. ಆಮೇಲೆ ನನ್ನ ಹೆಗಲು ಹಿಡಿದು ಇಳಿದ.

ಕಚೇರಿಯಲ್ಲಿ ಅದೇ ಹೆಂಗಸು ಇದ್ದಳು. ಇವನು ಪೀಠಿಕೆ ಹಾಕಲಿಲ್ಲ.

"ಮೇಡಮ್, ಆವತ್ತು ಇಸ್ತ್ರಿ ಮಾಡಿದ್ದು ನಾನಲ್ಲ. ಇವರು, ನಮ್ಮತ್ತೆ."

"ಮತ್ತೆ ನಾನೇ ಅಂದ್ರಲ್ಲ?"

"ಇಷ್ಟು ವರ್ಷ ನನ್ನ ಅಂಗಿ ಇನ್ನೊಬ್ಬರಿಗೆ ಕೊಟ್ಟೋನಲ್ಲ. ಕೊಡೋ ಹಾಗಾಯ್ತು ಅಂತ ಹೇಳೋಕೆ ನಾಲಿಗೆ ಏಳಲಿಲ್ಲ."

ಅವಳು ನನ್ನ ಕಡೆ ತಿರುಗಿದಳು. "ಹೌದಾ ಅಜ್ಜಿ? ಅಷ್ಟು ಚೆನ್ನಾಗಿ ನೀವು ಮಾಡಿದ್ರಾ?"

ನಾನು ಹೌದಮ್ಮ ಎನ್ನುವುದರೊಳಗೆ ಅಳಿಯನೇ, "ಚೆನ್ನಾಗೇನಿಲ್ಲ, ಬೆನ್ನ ಮೇಲೆ ಎರಡು ಸುಕ್ಕು ಬಿಟ್ಟಿದ್ರು" ಎಂದ.

"ಇವರು ಎದೆ ಸೆಟೆದು ಗೋಡೆಗೆ ಒರಗಿ ಕೂತಿದ್ರಮ್ಮ, ಬೆನ್ನು ನಿನಗೆಲ್ಲಿ ಕಾಣಬೇಕು" ಎಂದೆ. ಅವಳಿಗೆ ನಗು ಬಂತು, ಕೆಮ್ಮಿದಂತೆ ಮಾಡಿ ನುಂಗಿದಳು.

ಅವನು ಎಡಗೈಯಿಂದ ಬಲಗೈಯನ್ನು ಎತ್ತಿ ಅವಳ ಮೇಜಿನ ಮೇಲಿಟ್ಟ. ಹಳೆಯ ಗಾಯ, ಹೊಸ ಗಾಯ, ಮೊಣಕೈವರೆಗೂ ಇದ್ದವು.

"ಇದು ಲಾಂಡ್ರೀದು. ಇದು ಮನೇಲಿ, ಹಾಲಿನ ಪಾತ್ರೆ ಹಿಡಿದಾಗ ಆದದ್ದು. ಒಂದೂ ಸುಡುವಾಗ ತಿಳೀಲಿಲ್ಲ. ಈ ಕೈಯಲ್ಲಿ ಗುಂಡಿ ಹಾಕ್ಕೊಳ್ಳೋಕಾಗಲ್ಲ, ಕಾಲ ಮೇಲೆ ನಿಂತಿರೋಕಾಗಲ್ಲ. ನನಗೆ ಕೆಲಸ ಮಾಡೋಕಾಗಲ್ಲ ಮೇಡಮ್."

'ಆಗಲ್ಲ' ಎನ್ನುವ ಮಾತನ್ನು ಅವನ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಲಾಂಡ್ರಿಯಲ್ಲಿ ಬಟ್ಟೆಯ ಲೆಕ್ಕ ಒಪ್ಪಿಸುವವನ ಹಾಗೆ ಹೇಳಿದ.

"ಇದನ್ನ ಆವತ್ತೇ ತೋರಿಸಬಾರದಿತ್ತಾ?" ಎಂದಳು ಅವಳು, ಮೆತ್ತಗೆ.

"ನೀವು ಮನೆಗೆ ಬಂದಿದ್ರಿ. ಮನೆಗೆ ಬಂದೋರಿಗೆ ಗಾಯ ತೋರಿಸ್ತಾರಾ?"

ಅವಳು ಅವನನ್ನು ತಮ್ಮ ಡಾಕ್ಟರ ಹತ್ತಿರ ಕಳಿಸಿದಳು. ಡಾಕ್ಟರು ಸೂಜಿಯಿಂದ ಬೆರಳು ಬೆರಳು ಚುಚ್ಚಿ ನೋಡಿದರು. ಈ ಸಲ ಕೇಳಿದ್ದಕ್ಕೆಲ್ಲ ಇದ್ದದ್ದು ಇದ್ದ ಹಾಗೇ ಹೇಳಿದ. ನೆರವು ಮಂಜೂರಾಯಿತು. ಬಡ್ಡಿ ಈಗ ಕಚೇರಿಯಿಂದ ನೇರ ಬ್ಯಾಂಕಿಗೆ ಹೋಗುತ್ತದೆ. ಹಿಂದೆ ಬಿದ್ದ ಕಂತನ್ನು ಸಾಲದ ಕೊನೆಗೆ ಸೇರಿಸಿಕೊಂಡರು. ಆರಾರು ತಿಂಗಳಿಗೊಮ್ಮೆ ಹೋಗಿ ಕೈ ತೋರಿಸಿ ಬರಬೇಕು. ಹೆಬ್ಬೆರಳಿಗೆ ಈಚೆಗೆ ಸ್ವಲ್ಪ ಚುರುಕು ತಿಳಿಯುತ್ತದಂತೆ.

ಮಂಜೂರಾದ ವಾರವೇ ಅವನು ಬಡಗಿಯನ್ನು ಕರೆಸಿದ. ನಮ್ಮ ಹಿತ್ತಲ ಬಾಗಿಲು ಉಬ್ಬಿ, ಹಾಕಿದರೆ ತೆಗೆಯಲು ಬಾರದು, ತೆಗೆದರೆ ಹಾಕಲು ಬಾರದು ಎನ್ನುವಂತಾಗಿತ್ತು. ಹರಾಜಿನ ಭಯದಲ್ಲಿ ಯಾರೂ ಅದರ ಗೋಜಿಗೆ ಹೋಗಿರಲಿಲ್ಲ.

ಬಡಗಿ ಬಾಗಿಲನ್ನು ತಟ್ಟಿ ನೋಡಿ ಹೇಳಿದ: "ಸುಮ್ನೆ ಅಂಚು ಹೆರೆದುಕೊಟ್ರೆ ಸದ್ಯಕ್ಕೆ ನಡೆಯುತ್ತೆ. ಚೌಕಟ್ಟು ಬಿಚ್ಚಿ ಮಾಡಿದ್ರೆ ಬಹಳ ಕಾಲ ಬರುತ್ತೆ. ಯಾವುದು ಮಾಡಲಿ?"

"ಚೌಕಟ್ಟು ಬಿಚ್ಚಪ್ಪ" ಎಂದ ಗೆರೆಯಣ್ಣ. "ನಾವು ಇಲ್ಲೇ ಇರೋರು."