ಸ್ಟಾಕ್‌ಹೋಮಿಗೆ ಪ್ರಸ್ಥಾನ

ನನ್ನ ಭಾವನ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯೋಣವೆಂದು ಎರಡು ಸಲ ಕೂತಿದ್ದೇನೆ. ಎರಡು ಸಲವೂ ಎದ್ದುಹೋಗಿ ಕಾಫಿ ಮಾಡಿಕೊಂಡು ಕುಡಿದಿದ್ದೇನೆ. ಅವರು, ಇವರು ಎಂದು ಬರೆಯುತ್ತಿರುವುದೂ ಅಕ್ಕನ ಮುಖ ನೋಡಿಕೊಂಡೇ. ಶಿವಮೊಗ್ಗದಲ್ಲಿ ಅವರದೊಂದು ಸಿಮೆಂಟ್ ಅಂಗಡಿ. ಬೋರ್ಡಿನ ಮೇಲೆ ಅವರ ಹೆಸರು, ಗಲ್ಲಾದ ಹಿಂದೆ ನನ್ನ ಅಕ್ಕ. ಅವರು ಬೆಳಿಗ್ಗೆ ಊದಿನಕಡ್ಡಿ ಹಚ್ಚಿ, ಎದುರಿನ ಹೋಟೆಲಿಗೆ ಹೋಗಿ ಕೂತರೆ ಮಧ್ಯಾಹ್ನದ ಊಟಕ್ಕೇ ಏಳುವುದು. ಕೇಳಿದರೆ ‘ಹೊರಗಿನ ವ್ಯವಹಾರ’. ಒಳಗಿನ ವ್ಯವಹಾರ ಎಂದರೆ ಲಾರಿ ಇಳಿಸುವುದು, ಮೂಟೆ ಎಣಿಸುವುದು, ಮೇಸ್ತ್ರಿಗಳ ಹತ್ತಿರ ಗಂಟಲು ಹರಿದುಕೊಳ್ಳುವುದು. ನಾವಿಬ್ಬರೂ ತಮಿಳರೇ ತುಂಬಿದ್ದ ಭದ್ರಾವತಿಯ ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿ ಬೆಳೆದವರಾದ್ದರಿಂದ ಅಕ್ಕನಿಗೆ ತಮಿಳು ಚೆನ್ನಾಗಿ ಬರುತ್ತಿತ್ತು. ಭದ್ರಾವತಿ ಮೇಸ್ತ್ರಿಗಳ ಜೊತೆ ಅವಳು ತಮಿಳಿನಲ್ಲೇ ಜಗಳವಾಡಿ, ತಮಿಳಿನಲ್ಲೇ ನಗಿಸಿ, ಪಕ್ಕದ ಅಂಗಡಿಗೆ ಹೋಗಬೇಕಿದ್ದ ಆರ್ಡರನ್ನೂ ತನ್ನ ಕಡೆ ಎಳೆದುಕೊಳ್ಳುತ್ತಿದ್ದಳು.

ಎರಡು ಸಾವಿರದ ಇಸವಿ ಕಳೆದು ಐದಾರು ವರ್ಷವಾಗಿತ್ತು. ಹೆಚ್ಚು ಮೂಟೆ ಮಾರಿದ ಡೀಲರುಗಳನ್ನು ಸಿಮೆಂಟ್ ಕಂಪನಿಯವರು ಪರದೇಶಕ್ಕೆ ಕರೆದುಕೊಂಡು ಹೋಗುವ ಸ್ಕೀಮು ಹಾಕಿದ್ದರು. ಆ ಸಲ ಸ್ಟಾಕ್‌ಹೋಮ್. ಅದು ಊರೋ ದೇಶವೋ ಭಾವನಿಗೆ ಗೊತ್ತಿರಲಿಲ್ಲ, ಆದರೆ ‘ನಾನು ಟಾರ್ಗೆಟ್ ಹೊಡೆದೆ’ ಎಂದು ಗಾಂಧಿ ಬಜಾರಿನ ಉದ್ದಕ್ಕೂ ಸಾರಿಕೊಂಡು ಬಂದರು. ಹೊಡೆದವಳು ಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದಳು. ಡೀಲರುಗಳ ವೀಸಾ, ವಿಮೆ ಎಲ್ಲ ಕಂಪನಿಯದೇ. ಹೆಂಡತಿಯೂ ಬರಬಹುದು, ಟಿಕೆಟ್ಟೂ ಕೊಡುತ್ತಾರೆ, ಆದರೆ ಅವಳ ವಿಮೆ, ಕಾಗದಪತ್ರ ನೀವೇ ಮಾಡಿಸಿಕೊಳ್ಳಿ ಎಂದಿದ್ದರು.

ಕಂಪನಿಯವರು ಕಳಿಸಿದ ಪುಸ್ತಕವನ್ನು ಅಕ್ಕ ಗಲ್ಲಾದಲ್ಲೇ ಇಟ್ಟುಕೊಂಡಿದ್ದಳು. ಅವಳಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ, ಚಿತ್ರ ನೋಡುತ್ತಿದ್ದಳು. ಊರ ತುಂಬ ನೀರು, ನೀರಿನ ಅಂಚಿಗೇ ಹಳದಿ, ಕೆಂಪು ಕಟ್ಟಡಗಳು, ನಡುವೆ ಬಿಳಿ ದೋಣಿಗಳು. ಮದುವೆಯಾಗಿ ಇಪ್ಪತ್ತೈದು ವರ್ಷದಲ್ಲಿ ಅವಳು ಸುಮ್ಮನೆ ನೋಡಲಿಕ್ಕೆಂದು ಹೋದದ್ದು ಹತ್ತಿರದ ಸಕ್ರೆಬೈಲಿಗೆ ಒಂದು ಸಲ, ಅದೂ ಬಂದ ನೆಂಟರಿಗೆ ಆನೆ ತೋರಿಸಲು. ಒಂದು ಭಾನುವಾರ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು:

“ಅಲ್ಲಿ ಜನ ಕೆಲ್ಸಕ್ಕೆ ಬೋಟಲ್ಲಿ ಹೋಗ್ತಾರಂತೆ ಕಣೆ, ನಾವು ಬಸ್ಸಲ್ಲಿ ಹೋಗೋ ಹಂಗೆ. ನಾನೂ ಒಂದಿನ ಟಿಕೆಟ್ ತಗೊಂಡು ಅವರ ಮಧ್ಯ ಕೂತ್ಕೋಬೇಕು. ಒಬ್ರೂ ನನ್ನ ಸಿಮೆಂಟ್ ರೇಟ್ ಕೇಳಬಾರ್ದು.”

ಅಕ್ಕ ತನಗಾಗಿ ಏನನ್ನಾದರೂ ಕೇಳಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಭಾವನ ತಯಾರಿಯೋ, ದೇವರಿಗೇ ಪ್ರೀತಿ. ಪ್ರಯಾಣ ಜೂನ್ ತಿಂಗಳಲ್ಲಿ. ಅವರು ಎರಡು ಮಂಕಿ ಕ್ಯಾಪು, ಹೊಲಿಸಿದ ಉಣ್ಣೆಯ ಸೂಟು, ಅಕ್ಕನಿಗೆಂದು ಗಂಡಸರ ಸ್ವೆಟರು ಒಂದು ತಂದಿಟ್ಟರು. “ಆಗ ಅಲ್ಲಿ ಬೇಸಿಗೆ ಭಾವ” ಎಂದೆ.

“ನಿಂಗೇನ್ ಗೊತ್ತು ಮಾರಾಯ್ತಿ, ಫ್ಯಾಕ್ಟ್ರಿ ಆಫೀಸಲ್ಲಿ ಕೂತು ಟೈಪ್ ಹೊಡಿಯೋಳಿಗೆ!” ಎಂದರು.

ಆದರೆ ಇಂಗ್ಲಿಷ್ ಫಾರಂ ತುಂಬಲು ಮಾತ್ರ ಈ ಟೈಪ್ ಹೊಡೆಯುವವಳೇ ಬೇಕು. ನನ್ನ ಭಾನುವಾರಗಳೆಲ್ಲ ಭದ್ರಾವತಿ ಬಸ್ಸು ಹತ್ತಿ ಬಂದು ಅವರ ಎದುರು ಕೂತು ಬರೆಯುವುದರಲ್ಲೇ ಕಳೆದವು. ಒಂದು ಸಾಲು ಬರೆದರೆ ಅವರು ಕನ್ನಡಕ ಹಾಕಿಕೊಂಡು ತಲೆಕೆಳಗಾಗಿ ಓದಿದಂತೆ ಮಾಡಿ “ಹೂಂ, ಸರಿಯಾಗಿದೆ” ಎನ್ನುತ್ತಿದ್ದರು. ನನಗೆ ಮೈ ಉರಿದುಹೋಗುತ್ತಿತ್ತು.

ವಿಮಾನ ಮಂಗಳವಾರ ಎಂದು ಗೊತ್ತಾದದ್ದೇ ತಡ, ಪಂಚಾಂಗ ನೋಡುವ ಅಯ್ಯನವರನ್ನು ಕರೆಸಿದರು. ಮಂಗಳವಾರ ಉತ್ತರಕ್ಕೆ ಶೂಲ, ಹೊರಡಬಾರದು ಎಂದರು ಅಯ್ಯನವರು. ಹಾಗಂತ ಭಾವನ ಅನುಕೂಲಕ್ಕೆ ವಿಮಾನ ನಿಲ್ಲುತ್ತದೆಯೇ? ಅದಕ್ಕೆ ನಮ್ಮಲ್ಲಿ ದಾರಿಯಿದೆ: ಪ್ರಸ್ಥಾನ. ಒಳ್ಳೆಯ ದಿನ ನೋಡಿ ಒಂದು ಚೀಲದಲ್ಲಿ ಬಟ್ಟೆ, ಅಕ್ಕಿ, ತೆಂಗಿನಕಾಯಿ ಹಾಕಿ, ಹೋಗುವ ದಿಕ್ಕಿನಲ್ಲಿರುವ ಯಾರದಾದರೂ ಮನೆಯಲ್ಲಿ ಇಟ್ಟುಬಂದರೆ ಅಂದೇ ಹೊರಟಂತೆ. ಮನುಷ್ಯ ಆಮೇಲೆ ಯಾವತ್ತು ಹೋದರೂ ದೋಷವಿಲ್ಲ. ಹೊರಡುವ ಮಂಗಳವಾರದ ಹಿಂದಿನ ಗುರುವಾರ ಪ್ರಶಸ್ತ ಎಂದು ಹೇಳಿ, ದಕ್ಷಿಣೆ ತೆಗೆದುಕೊಂಡು ಅಯ್ಯನವರು ಹೋದರು. ಇಲ್ಲಿಯವರೆಗೆ ನನ್ನ ತಕರಾರಿಲ್ಲ. ನಮ್ಮಮ್ಮನೂ ಪ್ರಸ್ಥಾನ ಇಡುತ್ತಿದ್ದಳು, ಇಲ್ಲೇ ಹತ್ತಿರದ ಆಯನೂರಿಗೆ ಹೊರಟರೂ ಇಡುತ್ತಿದ್ದಳು.

ಮರುವಾರ ಅಕ್ಕನ ಪ್ರಯಾಣ ವಿಮೆಯ ಫಾರಂ ಮುಂದಿಟ್ಟುಕೊಂಡು ಕೂತೆವು. ಅದಿಲ್ಲದೆ ವೀಸಾ ಇಲ್ಲ. ಅಲ್ಲಿ ಸತ್ತರೆ ಶವ ಊರಿಗೆ ತರಿಸುವ ಖರ್ಚು ಕೊಡುತ್ತಾರೆ ಎಂದು ಓದಿ ಹೇಳಿದ್ದಕ್ಕೆ ಭಾವ “ಬಿಡ್ತು ಅನ್ನು, ಬಿಡ್ತು ಅನ್ನು!” ಎಂದು ನನ್ನ ಕೈಯಿಂದ ಕಾಗದ ಕಿತ್ತುಕೊಂಡರು. ಮತ್ತೆ ಕೊಟ್ಟು, “ಹೊರಡೋ ದಿನ ಅಂತಿದೆಯಲ್ಲ, ಅಲ್ಲಿ ಗುರುವಾರದ ತಾರೀಖು ಹಾಕು” ಎಂದರು.

“ಭಾವ, ಹೊರಡೋದು ಮಂಗಳವಾರ.”

“ಶಾಸ್ತ್ರಕ್ಕೆ ಹೊರಡೋದು ಗುರುವಾರಾನೇ. ಇಂಥ ಸಾಯೋ ಕೆಡೋ ಕಾಗ್ದದ ಮೇಲೆ ಮಂಗಳವಾರ ಹೊರಟೆ ಅಂತ ಬರ್ದು ಸಹಿ ಹಾಕ್ತಾರಾ ಯಾರಾದ್ರೂ?”

“ನಿಮ್ಮದ್ರಲ್ಲಿ ಮಂಗಳವಾರನೇ ಇದೆಯಲ್ಲ?”

“ನಂದು ಕಂಪನಿಯವ್ರು ಏನೋ ಮಾಡ್ಕೊಂಡಿದಾರೆ. ಮನೆ ಹೆಣ್ಮಗಳದ್ದಾದ್ರೂ ಶಾಸ್ತ್ರವಾಗಿ ಇರ್ಲಿ. ಹೇಳಿದಷ್ಟು ಬರಿ, ತಲೆ ಓಡಿಸ್ಬೇಡ.”

ತಲೆ ಓಡಿಸಬೇಡ ಎಂದದ್ದು ಆ ಮನುಷ್ಯ! ಬರೆದೆ. ಅಚ್ಚುಕಟ್ಟಾಗಿ ಗುರುವಾರದ ತಾರೀಖನ್ನೇ ಬರೆದೆ. ಪಕ್ಕದಲ್ಲಿ ಎಷ್ಟು ದಿನ ಎಂದಿತ್ತು. ಪ್ರವಾಸ ಎಂಟು ದಿನ, ಎರಡು ದಿನ ಹೆಚ್ಚಿಗೆ ಇರಲಿ ಎಂದು ಅವರು ಹತ್ತು ಹೇಳಿದ್ದರು. ಗುರುವಾರದಿಂದ ಹತ್ತು ದಿನವೆಂದರೆ ಶನಿವಾರಕ್ಕೆ ಮುಗಿಯುತ್ತದೆ, ವಾಪಸು ಬರುವುದು ಅದರ ಮುಂದಿನ ಮಂಗಳವಾರ. ಕೊನೆಯ ಮೂರು ದಿನಕ್ಕೆ ವಿಮೆಯೇ ಇಲ್ಲ. ಇದು ನನಗೆ ಆ ಕ್ಷಣದಲ್ಲೇ ಹೊಳೆಯಿತು. ಹತ್ತರ ಬದಲು ಹದಿನೈದು ಎಂದು ಬರೆದಿದ್ದರೆ ಅವರ ಗುರುವಾರವೂ ಉಳಿಯುತ್ತಿತ್ತು, ಕೆಲಸವೂ ಆಗುತ್ತಿತ್ತು. ಅವರು ಅದನ್ನು ಓದುತ್ತಲೂ ಇರಲಿಲ್ಲ. ನಾನು ಹತ್ತು ಎಂದೇ ಬರೆದೆ. ಇದನ್ನು ಕಂಪನಿ ಗೊತ್ತುಮಾಡಿದ್ದ ಬೆಂಗಳೂರಿನ ಟ್ರಾವೆಲ್ಸಿನವರು ಹಿಡಿದು, ಫೋನ್ ಮಾಡಿ, ಎಲ್ಲ ಡೀಲರುಗಳಿಗೂ ಗೊತ್ತಾಗುವಂತೆ ಭಾವನಿಗೆ ಮಂಗಳಾರತಿ ಎತ್ತಲಿ ಎಂಬುದು ನನ್ನ ಆಸೆಯಾಗಿತ್ತು. ಬಸ್ಸಿನಲ್ಲಿ ಅದನ್ನೇ ನೆನೆಸಿಕೊಂಡು ಒಬ್ಬಳೇ ನಕ್ಕಿದ್ದೆ.

ವಿಮೆ ಆಫೀಸಿಗೆ ಫಾರಂ ಕೊಡಲು ಹೋದವಳೂ ನಾನೇ. ಅಲ್ಲಿನ ಗುಮಾಸ್ತೆ ಒಳ್ಳೆಯ ಹುಡುಗಿ, ಓದಿ ನೋಡಿ, “ಪ್ರಯಾಣ ಶುರುವಾಗೋದು ಗುರುವಾರಾನಾ ಮೇಡಂ? ಹತ್ತೇ ದಿನ ಸಾಕಾ?” ಎಂದು ಕೇಳಿದಳು.

“ಹೌದು, ಸಾಕು” ಎಂದೆ.

ಬೆಂಗಳೂರಿನಿಂದ ಫೋನ್ ಬರಲಿಲ್ಲ. ಕಾಗದಗಳು ನೇರ ದೆಹಲಿಯ ಎಂಬೆಸಿಗೆ ಹೋಗಿ, ಪ್ರಯಾಣಕ್ಕೆ ಆರು ದಿನವಿರುವಾಗ ಅಕ್ಕನ ಪಾಸ್‌ಪೋರ್ಟು ವೀಸಾ ಇಲ್ಲದೆ ವಾಪಸು ಬಂತು. ಅಲ್ಲಿ ಇರುವಷ್ಟೂ ದಿನಕ್ಕೆ ವಿಮೆ ಸಾಲದು ಎಂಬುದೇ ಕಾರಣ. ಹೊಸ ಪಾಲಿಸಿ ಮಾಡಿಸಿ ಮತ್ತೆ ಕಳಿಸೋಣವೆಂದು ನಾನು ಟ್ರಾವೆಲ್ಸಿಗೆ ನಾಲ್ಕು ಸಲ ಫೋನ್ ಮಾಡಿದೆ, ಕೊನೆಗೆ ಅತ್ತೂ ಕೇಳಿದೆ. ಟೈಮಿಲ್ಲ ಮೇಡಂ ಎಂದರು.

ಭಾವನಿಗೆ ಮಂಗಳಾರತಿ ಯಾರೂ ಎತ್ತಲಿಲ್ಲ. “ಈ ಎಂಬೆಸಿಯವ್ರಿಗೆ ನಮ್ಮ ಶಾಸ್ತ್ರ ಸಂಪ್ರದಾಯ ಏನ್ ಗೊತ್ತು” ಎಂದು ಹೋಟೆಲಿನಲ್ಲಿ ಕೂತು ದೇಶಾಭಿಮಾನದಿಂದ ಮಾತಾಡಿ, ತಾವೊಬ್ಬರೇ ಹೋಗಿ ಬಂದರು. ಅವರಿಗೆ ನಾಚಿಕೆಯಾಗಬೇಕು ಎಂದು ನಾನು ಕಾದದ್ದೇ ಬಂತು. ನಾಚಿಕೆಯಾಗಲು ಮೊದಲು ತಪ್ಪು ಅರ್ಥವಾಗಬೇಕಲ್ಲ.

ಅವರು ವಿಮಾನ ಹತ್ತಿದ ದಿನ ನಾನು ಶಿವಮೊಗ್ಗಕ್ಕೆ ಹೋದೆ. ಅಕ್ಕ ಊಟದ ಮೇಜಿನ ಮೇಲೆ ಫಾರಮ್ಮಿನ ಜೆರಾಕ್ಸ್ ಹರಡಿಕೊಂಡು ಕೂತಿದ್ದಳು. ಇಂಗ್ಲಿಷ್ ಬರದಿದ್ದರೂ ತಾರೀಖು ಎಣಿಸಲು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ದಿನವೂ ಲಾರಿ ಲೋಡು ಲೆಕ್ಕ ಹಾಕುವವಳು.

“ಇದು ಶನಿವಾರಕ್ಕೇ ಮುಗಿಯತ್ತಲ್ಲೇ” ಎಂದಳು.

“ಭಾವ ಹೇಳಿದ್ರು ಅಕ್ಕ. ನಾನು ಬೇಡ ಅಂದೆ, ಅವರು ಕೇಳ್ಲಿಲ್ಲ.”

“ಅವರಿಗೇನೂ ಗೊತ್ತಾಗಲ್ಲ ಅಂತ ಇಪ್ಪತ್ತೈದು ವರ್ಷದಿಂದ ನಂಗೊತ್ತು. ಅದಕ್ಕೇ ಅಲ್ವಾ ನಿನ್ನ ಕೈಲಿ ಬರೆಸಿದ್ದು. ನಿಂಗೆ ಗೊತ್ತಿತ್ತಾ, ಇಲ್ವಾ?”

ಸುಳ್ಳು ಹೇಳಬಹುದಿತ್ತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

“ಗೊತ್ತಿತ್ತು” ಎಂದೆ.

ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಕಾಗದ ಮಡಿಸಿಟ್ಟು, ತಟ್ಟೆ ಹಾಕಿ, “ಊಟ ಮಾಡ್ಕೊಂಡು ಹೋಗು” ಎಂದಳು. ನಾನು ತಲೆ ತಗ್ಗಿಸಿಕೊಂಡು ಉಂಡೆ.

ಅಕ್ಕ ಮಾತು ಬಿಡಲಿಲ್ಲ, ಹಬ್ಬಕ್ಕೆ ಕರೆಯುವುದನ್ನೂ ಬಿಡಲಿಲ್ಲ. ಎರಡು ತಿಂಗಳ ನಂತರ ಒಂದು ದಿನ ಅವಳ ಜೊತೆ ಬ್ಯಾಂಕಿಗೆ ಹೋಗಿದ್ದೆ. ಡ್ರಾಫ್ಟಿನ ಫಾರಂ ಇಂಗ್ಲಿಷಿನಲ್ಲಿತ್ತು. ಅಭ್ಯಾಸಬಲದಿಂದ ನಾನು ಕೈ ಚಾಚಿದೆ. ಅಕ್ಕ ಸಾಲಿನಲ್ಲಿ ನಮ್ಮ ಹಿಂದೆ ನಿಂತಿದ್ದ, ಗುರುತು ಪರಿಚಯವಿಲ್ಲದ ಒಬ್ಬರು ಮುದುಕರ ಕಡೆ ತಿರುಗಿ, “ಸ್ವಲ್ಪ ಇದನ್ನ ತುಂಬ್ಕೊಡ್ತೀರಾ?” ಎಂದು ಪೆನ್ನನ್ನು ಅವರ ಕೈಗೆ ಕೊಟ್ಟಳು.